ಭಜನೆ ಮಿಕ್ಸರ್‌ನಿಂದ ಮೊಬೈಲ್ ಗರಗರ ಓಡಿಸಿದ್ದು

"ಯಾರದಾರ ಫೋನ್ ಬರೂದು ಇದಕ್ಕ ಮೊದಲ ಗೊತ್ತಾಗ್ತದ ನೋಡ್ರಿ. ಟಕ್ ಟಕ್ ಅಂತದ, ಆಮ್ಯಾಲ ಗರ್ ಅಂತ ಸುರು ಮಾಡ್ತದ."

ಚಿಂಚೋಳಿ ತಾಲ್ಲೂಕಿನ ಒಂದು ಹಳ್ಳಿಯ ಭಜನಾ ಮಂಡಳಿಯವರು ಕಲಬುರಗಿಯ ನನ್ನ ಕೋಣೆಗೆ ರಿಪೇರಿಗೆಂದು ಮಿಕ್ಸರ್ ತಂದು ಹೇಳಿದ ದೂರು ಇಷ್ಟೇ. ಆರು ಚಾನೆಲ್‌ನ ಸಾದಾ ಮಿಕ್ಸರ್, ಅಂದರೆ ಹಲವು ಮೈಕುಗಳ ದನಿ ಕೂಡಿಸಿ ಆಂಪ್ಲಿಫೈಯರಿಗೆ ಕೊಡುವ ಪೆಟ್ಟಿಗೆ. ಕಬ್ಬಿಣದ ತಗಡಿನ ಪೆಟ್ಟಿಗೆ, ಎರಡೂ ಬದಿಗೆ ಪ್ಲಾಸ್ಟಿಕ್ ಕೆನ್ನೆ. ಹಾರ್ಮೋನಿಯಂಗೆ ಒಂದು ಮೈಕು, ತಬಲಾಕ್ಕೆ ಒಂದು, ಉಳಿದವು ಹಾಡುವವರಿಗೆ. ಶ್ರಾವಣದ ಪುರಾಣ ಶುರುವಾದರೆ ತಿಂಗಳಿಡೀ ಇದಕ್ಕೆ ಬಿಡುವಿಲ್ಲ. ತತ್ವಪದದ ನಡುವೆ ಗರ್ ಅಂದರೆ ಯಾರಿಗೆ ತಾನೇ ಸಿಟ್ಟು ಬರಲ್ಲ?

ಅವರು ಇದನ್ನು ಮೊದಲೇ ಒಂದು ಕಡೆ ತೋರಿಸಿದ್ದರಂತೆ. ಅಲ್ಲಿ ಐಸಿ ಎಲ್ಲ ತೆಗೆದು ಹೊಸದು ಹಾಕಿ ಕೊಟ್ಟಿದ್ದರು. ಸದ್ದು ಹಾಗೇ ಇತ್ತು. ನಮ್ಮಲ್ಲಿ ಇದೊಂದು ಚಾಳಿ. ಆಡಿಯೊ ಪೆಟ್ಟಿಗೆ ಏನೇ ತಕರಾರು ಮಾಡಲಿ, ಮೊದಲು ಆಪ್‌ಆಂಪ್ (ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡುವ ಐಸಿ) ಬದಲಿಸೋದು. ಈ ಕೇಸಿನಲ್ಲಿ ಆಪ್‌ಆಂಪ್ ಅಪರಾಧಿ ಹೌದು, ಆದರೆ ಅದರ ತನಕ ರೇಡಿಯೋ ಅಲೆ ಹೋಗಲು ಬಿಟ್ಟವರು ಬೇರೆ.

ಸದ್ದಿನ ಗುರುತು

2ಜಿ ಮೊಬೈಲ್ ಮಾತಾಡುವುದು 900 ಅಥವಾ 1800 ಮೆಗಾಹರ್ಟ್ಸ್‌ನಲ್ಲಿ. ಅದು ಕಿವಿಗೆ ಕೇಳುವ ಸಂಗತಿಯೇ ಅಲ್ಲ. ಹಾಗಿದ್ದರೆ ಈ ಗರಗರ ಎಲ್ಲಿಂದ ಬಂತು?

2ಜಿ ಫೋನ್ ಸತತವಾಗಿ ಅಲೆ ಬಿಡುವುದಿಲ್ಲ. ಒಂದು ಚಾನೆಲನ್ನು ಎಂಟು ಫೋನುಗಳು ಸರದಿಯ ಮೇಲೆ ಹಂಚಿಕೊಳ್ಳುತ್ತವೆ. ಒಂದು ಸುತ್ತು 4.615 ಮಿಲಿಸೆಕೆಂಡ್. ಅದರಲ್ಲಿ ನಿಮ್ಮ ಫೋನಿನ ಪಾಲು ಬರೀ 577 ಮೈಕ್ರೊಸೆಕೆಂಡ್. ಅಷ್ಟರಲ್ಲಿ ಜೋರಾಗಿ ಒಂದು ಸಲ ಕೂಗಿ ಸುಮ್ಮನಾಗುತ್ತದೆ, ಮತ್ತೆ ಸರದಿ ಬಂದಾಗ ಕೂಗುತ್ತದೆ. ಸೆಕೆಂಡಿಗೆ ಸುಮಾರು 217 ಸಲ. ಈ 217 ಹರ್ಟ್ಸ್ ಮತ್ತು ಅದರ ಎರಡು ಪಟ್ಟು, ಮೂರು ಪಟ್ಟು, ಹೀಗೆ ಮೇಲೆ ಹೋಗುವ ಸ್ವರಗಳೇ ಆ ಗರಗರ. ಕರೆ ಕೂಡುವ ಮೊದಲು ಫೋನು ಟವರಿನ ಜೊತೆ ಬಿಟ್ಟು ಬಿಟ್ಟು ಮಾತಾಡುತ್ತದಲ್ಲ, ಅದು ಟಕ್ ಟಕ್.

ನಿಜವಾಗಲೂ ಅದೇನಾ ಅಂತ ಖಾತ್ರಿ ಮಾಡಿಕೊಳ್ಳುವುದು ಸುಲಭ. ಮಿಕ್ಸರ್ ಔಟ್‌ಪುಟ್ ಅನ್ನು ಲ್ಯಾಪ್‌ಟಾಪ್‌ಗೆ ಕೊಟ್ಟು ರೆಕಾರ್ಡ್ ಮಾಡಿ, ಆಡಾಸಿಟಿ ಅನ್ನುವ ಸಾಫ್ಟ್‌ವೇರ್‌ನಲ್ಲಿ ಸ್ಪೆಕ್ಟ್ರಮ್ (ಯಾವ ಹರ್ಟ್ಸ್‌ನಲ್ಲಿ ಸದ್ದು ಎಷ್ಟು ಅಂತ ತೋರಿಸುವ ಚಿತ್ರ) ನೋಡಿ. 50, 100, 150ರಲ್ಲಿ ಗೂಟ ಎದ್ದಿದ್ದರೆ ಕರೆಂಟಿನ ಹಮ್ಮು, ಅಂದರೆ ಗುಂಯ್ ಅನ್ನುವ ಸದ್ದು. 217, 433, 650ರಲ್ಲಿ ಎದ್ದಿದ್ದರೆ 2ಜಿ ಫೋನು. ಎರಡಕ್ಕೂ ಮದ್ದು ಬೇರೆ ಬೇರೆ. ಇದನ್ನು ನೋಡದೆ ಸೋಲ್ಡರಿಂಗ್ ಐರನ್ ಹಚ್ಚಬಾರದು.

ಕಲಬುರಗಿಯಲ್ಲಿ ಸದ್ದೇ ಬರಲಿಲ್ಲ

ಮಿಕ್ಸರ್ ಜೋಡಿಸಿ, ಮೈಕು ಸಿಕ್ಕಿಸಿ, ಕೀಪ್ಯಾಡ್ ಫೋನು ಪಕ್ಕದಲ್ಲಿಟ್ಟು ಕರೆ ಮಾಡಿದರೆ ಒಂದೆರಡು ಸಣ್ಣ ಟಕ್ ಬಿಟ್ಟು ಏನೂ ಇಲ್ಲ. ಮಂಡಳಿಯವರು ಮುಖ ಮುಖ ನೋಡಿಕೊಂಡರು.

ಅವರ ಮಾತು ಸುಳ್ಳಲ್ಲ. 2ಜಿ ಫೋನು 900 ಮೆಗಾಹರ್ಟ್ಸ್‌ನಲ್ಲಿ ಗರಿಷ್ಠ 2 ವ್ಯಾಟ್, 1800ರಲ್ಲಿ 1 ವ್ಯಾಟ್ ತನಕ ಕೂಗಬಲ್ಲದು. ಆದರೆ ಎಷ್ಟು ಕೂಗಬೇಕು ಅಂತ ಹೇಳುವುದು ಟವರು. ಹತ್ತಿರ ಇದ್ದರೆ ಮೆಲ್ಲಗೆ ಸಾಕು ಅನ್ನುತ್ತದೆ. ನನ್ನ ಕೋಣೆಯಿಂದ ಎರಡು ಓಣಿ ದಾಟಿದರೆ ಮನೆ ಮಾಳಿಗೆಯ ಮೇಲೆ ಟವರ್ ಇದೆ. ಫೋನು ಪಿಸುಗುಡುತ್ತದೆ, ಅಷ್ಟೇ. ಚಿಂಚೋಳಿಯ ಗುಡ್ಡ ಕಾಡಿನ ಕಡೆ ಟವರು ದೂರ, ಸಿಗ್ನಲ್ ಒಂದು ಕಡ್ಡಿ. ಅಲ್ಲಿ ಫೋನು ಗಂಟಲು ಹರಿಯುವಂತೆ ಕೂಗಬೇಕಾಗುತ್ತದೆ. ಹಾಡುವವರ ಅಂಗಿ ಜೇಬಿನಲ್ಲಿ ಫೋನು, ಅರ್ಧ ಅಡಿ ಮುಂದೆ ಮೈಕು!

ಹಾಗಾದರೆ ಪರೀಕ್ಷೆ ಎಲ್ಲಿ ಮಾಡುವುದು? ಸಂಬಂಧಿಕರ ಹಳೇ ಮನೆ ನೆನಪಾಯಿತು. ನಮ್ಮ ಕಡೆಯ ಹಳೇ ಮನೆಗಳು ಗೊತ್ತಲ್ಲ, ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಕೆಳಗೆ ಶಹಾಬಾದಿ ಪರಸಿ, ಬೆಳಕಿಗೆ ಒಂದು ಸಣ್ಣ ಗವಾಕ್ಷಿ. ಬೇಸಿಗೆಯಲ್ಲಿ 42 ಡಿಗ್ರಿ ಇದ್ದರೂ ಒಳಗೆ ತಂಪು. ಹಿಂದಿನ ಕೋಣೆಯಲ್ಲಿ ಫೋನಿಗೆ ಸಿಗ್ನಲ್ ಒಂದೇ ಕಡ್ಡಿ. ಅಲ್ಲಿ ಮಿಕ್ಸರ್ ಹಚ್ಚಿ ಕರೆ ಮಾಡಿದ್ದೇ ತಡ, ಸ್ಪೀಕರ್ ಗರ್‌ರ್ ಅಂದುಬಿಟ್ಟಿತು. ಮುಂದಿನ ಪರೀಕ್ಷೆ ಎಲ್ಲ ಅದೇ ಕೋಣೆಯಲ್ಲಿ, ಅದೇ ಫೋನು, ಮೈಕ್ ಸಾಕೆಟ್‌ನಿಂದ ಒಂದು ಗೇಣು ದೂರ, ಗೇನ್ (ಮೈಕಿನ ದನಿ ಏರಿಸುವ ಗುಂಡಿ) ಪೂರ್ತಿ.

ಮೈಕು ತೆಗೆದು ಸಾಕೆಟ್‌ಗೆ 150 ಓಮ್ ರೆಸಿಸ್ಟರ್ ಇರುವ ಪ್ಲಗ್ ಸಿಕ್ಕಿಸಿದೆ. ಸದ್ದು ಸ್ವಲ್ಪ ಇಳಿಯಿತು, ಹೋಗಲಿಲ್ಲ. ಅಂದರೆ ಕೇಬಲ್ ಒಂದೇ ಆಂಟೆನಾ ಅಲ್ಲ. ಪೆಟ್ಟಿಗೆಯ ಒಳಗೂ ಒಂದು ಆಂಟೆನಾ ಇದೆ.

ಆಪ್‌ಆಂಪ್‌ಗೆ ಇದು ಯಾಕೆ ಕೇಳಿಸುತ್ತದೆ

ಮುಚ್ಚಳ ಬಿಚ್ಚುವ ಮೊದಲು ಇದನ್ನು ಹೇಳಿಬಿಡುತ್ತೇನೆ. ಮುಂದಿನ ಕೆಲಸವೆಲ್ಲ ಇದರ ಮೇಲೇ ನಿಂತಿದೆ.

ಆಪ್‌ಆಂಪ್ ನೆಟ್ಟಗೆ ಕೆಲಸ ಮಾಡುವುದು ಫೀಡ್‌ಬ್ಯಾಕ್‌ನಿಂದ, ಅಂದರೆ ಔಟ್‌ಪುಟ್‌ನ ಒಂದು ಪಾಲನ್ನು ಇನ್‌ಪುಟ್‌ಗೆ ಮರಳಿಸಿ ತಪ್ಪು ತಿದ್ದಿಕೊಳ್ಳುವುದರಿಂದ. ಆಡಿಯೊ ಪೆಟ್ಟಿಗೆಗಳಲ್ಲಿ ಸಿಗುವ ಆಪ್‌ಆಂಪ್‌ಗಳ ಪೈಕಿ 4558ರ ಬ್ಯಾಂಡ್‌ವಿಡ್ತ್ (ಕೆಲಸ ಮಾಡುವ ಮಿತಿ) 3 ಮೆಗಾಹರ್ಟ್ಸ್ ಆಸುಪಾಸು, 5532ರದು 10. 900 ಮೆಗಾಹರ್ಟ್ಸ್ ಬಂದರೆ ಫೀಡ್‌ಬ್ಯಾಕ್ ಎಚ್ಚರಾಗುವುದೇ ಇಲ್ಲ. ಆಗ ಒಳಗೆ ಉಳಿಯುವುದು ಬರೀ ಇನ್‌ಪುಟ್ ಟ್ರಾನ್ಸಿಸ್ಟರ್‌ಗಳು. ಬೇಸ್ ಎಮಿಟರ್ ನಡುವಿನ ಜೋಡಣೆ ಅಂದರೆ ಡಯೋಡೇ ಅಲ್ವಾ? ಡಯೋಡ್ ತನ್ನ ಕೆಲಸ ಮಾಡುತ್ತದೆ. ರೇಡಿಯೋ ಅಲೆಯನ್ನು ಡಿಸಿ ಮಾಡುತ್ತದೆ. ಫೋನು ಕೂಗಿದಾಗ ಆಫ್‌ಸೆಟ್ (ಸಿಗ್ನಲ್ ಇಲ್ಲದಾಗಲೂ ಇನ್‌ಪುಟ್‌ನಲ್ಲಿ ಇರುವ ಸಣ್ಣ ಡಿಸಿ ವೋಲ್ಟೇಜ್) ಒಂಚೂರು ಜರುಗುತ್ತದೆ, ಸುಮ್ಮನಾದಾಗ ಮರಳುತ್ತದೆ. ಸೆಕೆಂಡಿಗೆ 217 ಸಲ ಜರುಗುವ ಆಫ್‌ಸೆಟ್ ಅಂದರೆ ಅದು ಆಡಿಯೊ ಸಿಗ್ನಲ್ಲೇ. ಮುಂದಿನ ಹಂತಗಳು ಅದನ್ನು ಗಾಯಕನ ದನಿ ಅಂತಲೇ ತಿಳಿದು ದೊಡ್ಡದು ಮಾಡುತ್ತವೆ. ಒಮ್ಮೆ ಒಳಗೆ ಹೀಗೆ ಬದಲಾದ ಮೇಲೆ ಯಾವ ಫಿಲ್ಟರ್ ಹಾಕಿಯೂ ಉಪಯೋಗವಿಲ್ಲ. 217 ಹರ್ಟ್ಸ್ ತೆಗೆದರೆ ಹಾಡೂ ಹೋಗುತ್ತದೆ.

ರೇಡಿಯೋ ಅಲೆಗೆ ಐಸಿ ಎಷ್ಟು ಬಗ್ಗದೆ ನಿಲ್ಲುತ್ತದೆ ಅಂತ ಅಳೆಯಲು ಒಂದು ಅಳತೆ ಇದೆ, ಇಎಂಐಆರ್‌ಆರ್ ಅಂತ. ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿ ಇದನ್ನು ತನ್ನ ಡೇಟಾಶೀಟ್‌ಗಳಲ್ಲಿ ಬಳಕೆಗೆ ತಂದಿತು. ಆ ಕಂಪನಿ 2011ರಿಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಒಳಗಿದೆ. ಇನ್‌ಪುಟ್ ಕಾಲಿಗೆ 100 ಮಿಲಿವೋಲ್ಟ್ ರೇಡಿಯೋ ಅಲೆ ಕೊಟ್ಟಾಗ ಆಫ್‌ಸೆಟ್ ಎಷ್ಟು ಜರುಗಿತು ಅಂತ ನೋಡಿ ಡೆಸಿಬೆಲ್‌ನಲ್ಲಿ ಹೇಳುತ್ತಾರೆ. ಸಾಮಾನ್ಯವಾಗಿ 400, 900, 1800, 2400 ಮೆಗಾಹರ್ಟ್ಸ್‌ನಲ್ಲಿ. ಒಂದು ಐಸಿಗೆ 900ರಲ್ಲಿ 40 ಡೆಸಿಬೆಲ್ ಇದೆ ಅಂದುಕೊಳ್ಳಿ. 100 ಮಿಲಿವೋಲ್ಟ್‌ಗೆ 1 ಮಿಲಿವೋಲ್ಟ್ ಜರುಗಿತು. ಡೈನಮಿಕ್ ಮೈಕಿನಲ್ಲಿ ಹಾಡುವವರ ದನಿಯೂ ಹೆಚ್ಚುಕಡಿಮೆ ಅಷ್ಟೇ. ಇಬ್ಬರಿಗೂ ಸಮಸಮ ಜೋರು! ಅದೇ 80 ಡೆಸಿಬೆಲ್ ಇದ್ದರೆ 10 ಮೈಕ್ರೊವೋಲ್ಟ್.

ಈಗ ಮುಖ್ಯ ವಿಷಯ. ಈ ಜರುಗುವಿಕೆ ರೇಡಿಯೋ ಅಲೆಯ ವರ್ಗಕ್ಕೆ ತಕ್ಕಂತೆ ಇರುತ್ತದೆ. ಅಲೆ ಅರ್ಧಕ್ಕಿಳಿದರೆ ಗರಗರ ಕಾಲು ಭಾಗಕ್ಕಿಳಿಯುತ್ತದೆ. ಡೆಸಿಬೆಲ್‌ನಲ್ಲಿ ಹೇಳುವುದಾದರೆ ಐಸಿಯ ಮುಂದೆ 10 ಇಳಿಸಿದರೆ ಸ್ಪೀಕರಿನಲ್ಲಿ 20 ಇಳಿಯುತ್ತದೆ. 20 ಇಳಿಸಿದರೆ 40. ಫಿಲ್ಟರಿಗೆ ಹಾಕಿದ ದುಡ್ಡು ಡಬಲ್ ಆಗಿ ಬರುತ್ತದೆ. ಐಸಿ ಬದಲಿಸಿದರೆ ಈ ಲಾಭ ಇಲ್ಲ, ಅದರ ಹೆಚ್ಚುವರಿ ಡೆಸಿಬೆಲ್ ಎಷ್ಟೋ ಅಷ್ಟೇ. ಚಪ್ಪಲಿಯನ್ನು ಹೊಸ್ತಿಲ ಹೊರಗೆ ಬಿಡಿಸುವುದೇ ಲೇಸು, ದೇವರ ಮನೆಯ ತನಕ ಬಂದ ಮೇಲೆ ನೆಲ ಒರೆಸುವುದಕ್ಕಿಂತ.

ಮುಚ್ಚಳ ಬಿಚ್ಚಿದಾಗ

ಒಳಗೆ ನೋಡಿದ ಕೂಡಲೇ ಆಂಟೆನಾ ಕಂಡಿತು. ಮೈಕಿನ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ) ಸಾಕೆಟ್‌ಗಳು ಹಿಂದಿನ ತಗಡಿನಲ್ಲಿ. ಅಲ್ಲಿಂದ ಬೋರ್ಡಿಗೆ ಮೂರು ಮೂರು ಬಿಡಿ ವೈರು. ಕೆಂಪು, ಬಿಳಿ, ಹಸಿರು. ತಿರುಚಿಲ್ಲ, ಒತ್ತಾಗಿ ಕಟ್ಟಿಲ್ಲ, ಸುಮ್ನೆ ಕಮಾನಿನಂತೆ ಬಾಗಿ ನಿಂತಿವೆ. ಸ್ಕೇಲ್ ಇಟ್ಟು ಅಳೆದರೆ 8 ಸೆಂಟಿಮೀಟರ್ ಚಿಲ್ಲರೆ. 900 ಮೆಗಾಹರ್ಟ್ಸ್‌ನ ಅಲೆಯ ಉದ್ದ 33 ಸೆಂಟಿಮೀಟರ್. ಅದರ ಕಾಲು ಭಾಗ 8.3. ಬೇಕೆಂದು ಕತ್ತರಿಸಿದ್ದರೂ ಇಷ್ಟು ಚೆನ್ನಾಗಿ ಹೊಂದುತ್ತಿರಲಿಲ್ಲ. 2 ವ್ಯಾಟ್ ಫೋನು ಒಂದು ಮೀಟರ್ ದೂರದಲ್ಲಿದ್ದರೂ ಮೀಟರಿಗೆ 7-8 ವೋಲ್ಟ್ ಲೆಕ್ಕದಲ್ಲಿ ಕ್ಷೇತ್ರ ಇರುತ್ತದೆ. ಇಂಥ ವೈರಿಗೆ ನೂರಾರು ಮಿಲಿವೋಲ್ಟ್ ಸಿಗುವುದು ದೊಡ್ಡ ಮಾತಲ್ಲ. ಬದಿಯ ಪ್ಲಾಸ್ಟಿಕ್ ಕೆನ್ನೆಗಳು ಅಲೆಗೆ ತೆರೆದ ಕಿಟಕಿಗಳೇ.

ಅದಕ್ಕಿಂತ ಕೆಟ್ಟದ್ದು ಹಸಿರು ವೈರು. ಅದು ಸಾಕೆಟ್‌ನ 1ನೇ ಪಿನ್, ಅಂದರೆ ಕೇಬಲ್‌ನ ಶೀಲ್ಡ್ (ಒಳಗಿನ ವೈರುಗಳನ್ನು ಸುತ್ತಿದ ಲೋಹದ ಹೊದಿಕೆ). ಶೀಲ್ಡ್ ಪೆಟ್ಟಿಗೆಯ ತಗಡಿಗೆ ಸೇರಬೇಕು. ಇಲ್ಲಿ ಅದು ನೇರ ಬೋರ್ಡಿನ ಗ್ರೌಂಡಿಗೆ ಹೋಗಿದೆ. ಬೋರ್ಡಿನ ಗ್ರೌಂಡು ಆರೂ ಚಾನೆಲ್ ದಾಟಿ, ಆ ತುದಿಯಲ್ಲಿ ಟ್ರಾನ್ಸ್‌ಫಾರ್ಮರ್ ಹತ್ತಿರ ಒಂದು ಸ್ಕ್ರೂನಲ್ಲಿ ತಗಡಿಗೆ ಸೇರುತ್ತದೆ. ಅಂದರೆ ಶೀಲ್ಡು ಹಿಡಿದ ಕಸವೆಲ್ಲ ಬೋರ್ಡಿನ ಉದ್ದಕ್ಕೂ ಮೆರವಣಿಗೆ ಹೋಗುತ್ತದೆ. ಇದಕ್ಕೆ ಪಿನ್ 1 ತಕರಾರು ಅಂತಲೇ ಹೆಸರು. ನೀಲ್ ಮನ್ಸಿ 1995ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಜರ್ನಲ್‌ನಲ್ಲಿ ಇದನ್ನು ಬಿಡಿಸಿ ಬರೆದರು. 2005ರಲ್ಲಿ ಎಇಎಸ್48 ಅಂತ ಮಾನಕವೇ ಬಂತು. ಶೀಲ್ಡನ್ನು ಸಾಕೆಟ್ ಬಳಿಯಲ್ಲೇ ಚಾಸಿಗೆ, ಅಂದರೆ ಪೆಟ್ಟಿಗೆಯ ತಗಡಿಗೆ, ಸೇರಿಸಿ ಅನ್ನುತ್ತದೆ ಅದು. ಇಷ್ಟು ವರ್ಷ ಆದ ಮೇಲೂ ಅಗ್ಗದ ಪೆಟ್ಟಿಗೆಗಳಲ್ಲಿ ಹಸಿರು ವೈರು ಬೋರ್ಡಿಗೇ ಹೋಗುತ್ತದೆ. ಯಾಕೆಂದರೆ ತಗಡಿಗೆ ಬೆಸೆಯುವುದಕ್ಕಿಂತ ಬೋರ್ಡಿಗೆ ಬೆಸೆಯುವುದು ಸುಲಭ.

ಕಣ್ಣಿಗೆ ಕಂಡದ್ದು ಸಾಲದು ಅನ್ನುವವರಿಗೆ ಹಮ್ಮರ್ ಪರೀಕ್ಷೆ ಇದೆ. 12 ವೋಲ್ಟ್ ಎಸಿ ಕೊಡುವ ಸಣ್ಣ ಟ್ರಾನ್ಸ್‌ಫಾರ್ಮರ್ ತಗೊಳ್ಳಿ. ಸರಣಿಯಲ್ಲಿ 220 ಓಮ್, 2 ವ್ಯಾಟ್ ರೆಸಿಸ್ಟರ್. ಒಂದು ತುದಿ 1ನೇ ಪಿನ್ನಿಗೆ, ಇನ್ನೊಂದು ಚಾಸಿಯ ಬಣ್ಣ ಇಲ್ಲದ ಸ್ಕ್ರೂಗೆ. ಸುಮಾರು 55 ಮಿಲಿಆಂಪ್ ಹರಿಯುತ್ತದೆ. ಒಳ್ಳೆಯ ಪೆಟ್ಟಿಗೆಯಾದರೆ ಸ್ಪೀಕರಿನಲ್ಲಿ ಏನೂ ಕೇಳಬಾರದು. ಇದರಲ್ಲಿ ಗುಂಯ್ ಅಂತ ದೊಡ್ಡ ಹಮ್ಮು ಬಂತು. ಟ್ರಾನ್ಸ್‌ಫಾರ್ಮರ್‌ನಿಂದ ದೂರದ ಚಾನೆಲ್‌ಗಳಲ್ಲಿ ಇನ್ನೂ ಜಾಸ್ತಿ. ಲೆಕ್ಕ ಹಾಕಿ: ಗ್ರೌಂಡ್ ಟ್ರ್ಯಾಕಿನ ರೆಸಿಸ್ಟೆನ್ಸ್ ಬರೀ 10 ಮಿಲಿಓಮ್ ಇದ್ದರೂ ಅರ್ಧ ಮಿಲಿವೋಲ್ಟ್ ಹುಟ್ಟಿತು. ಮೈಕಿನ ಸಿಗ್ನಲ್ಲಿನ ಅರ್ಧದಷ್ಟು! ಇದು 50 ಹರ್ಟ್ಸ್ ಕಥೆ. 900 ಮೆಗಾಹರ್ಟ್ಸ್‌ಗೆ ಆ 8 ಸೆಂಟಿಮೀಟರ್ ಹಸಿರು ವೈರೇ ನಾನೂರು ಓಮ್ ದಾಟುತ್ತದೆ. ಹೆಸರಿಗಷ್ಟೇ ಅದು ಗ್ರೌಂಡು.

ಬಣ್ಣ ಕೆರೆಯುವ ಕೆಲಸ

ಹಸಿರು ವೈರುಗಳನ್ನು ಎರಡೂ ಕಡೆ ಬಿಚ್ಚಿ ಬಿಸಾಕಿದೆ. ಸಾಕೆಟ್‌ಗಳನ್ನು ಹೊರಗೆ ತೆಗೆದರೆ ಕೆಳಗೆ ದಪ್ಪ ಪೌಡರ್ ಕೋಟಿಂಗ್. ಸಾಕೆಟ್‌ನ ಲೋಹದ ಚೌಕಟ್ಟು ಪೆಟ್ಟಿಗೆಯನ್ನು ಮುಟ್ಟಿಯೇ ಇರಲಿಲ್ಲ. ಮಲ್ಟಿಮೀಟರ್ ಇಟ್ಟರೆ ಓಪನ್. ಸ್ಕ್ರೂ ರಂಧ್ರದ ಸುತ್ತ ಒಳಬದಿಯಲ್ಲಿ ಬಣ್ಣ ಕೆರೆದು, ಎಮರಿ ಕಾಗದದಿಂದ ತಗಡು ಹೊಳೆಯುವ ತನಕ ತಿಕ್ಕಿದೆ. ಪೌಡರ್ ಕೋಟಿಂಗ್ ಸುಲಭಕ್ಕೆ ಬಿಡಲ್ಲ. ಹಳೇ ಉಳಿ ಇದ್ದರೆ ಅದೇ ಒಳ್ಳೆಯದು. ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿದ ಮೇಲೆ 1ನೇ ಪಿನ್ನಿನಿಂದ ಸಾಕೆಟ್ ಚೌಕಟ್ಟಿನ ಲಗ್‌ಗೆ ಒಂದು ಸೆಂಟಿಮೀಟರ್ ಉದ್ದದ ತಾಮ್ರದ ಜಡೆ ಬೆಸೆದೆ. ಹಳೇ ಆಂಟೆನಾ ಕೇಬಲ್ ಸುಲಿದರೆ ಒಳಗೆ ಸಿಗುತ್ತದಲ್ಲ, ಅದೇ ಜಡೆ. ಬೋರ್ಡಿನ ಗ್ರೌಂಡನ್ನು ಸಾಕೆಟ್‌ಗಳ ಪಕ್ಕದಲ್ಲೇ ಅಗಲ ಜಡೆಯಿಂದ ತಗಡಿಗೆ ಸೇರಿಸಿ, ಟ್ರಾನ್ಸ್‌ಫಾರ್ಮರ್ ಬಳಿಯ ಜೋಡಣೆ ತೆಗೆದೆ. ಕರೆಂಟಿನ ಅರ್ತಿಂಗ್ ವೈರು ತಗಡಿಗೆ ಇದ್ದದ್ದು ಹಾಗೇ ಇದೆ. ಅದನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಹಮ್ಮು ಹೋಗಲಿ ಅಂತ ಅರ್ತಿಂಗ್ ಕತ್ತರಿಸುವ ಪುಣ್ಯಾತ್ಮರು ಇದ್ದಾರೆ. ಮೈಕು ಹಿಡಿದು ಹಾಡುವವರ ಜೀವದ ಪ್ರಶ್ನೆ ಅದು.

ಮತ್ತೆ ಹಮ್ಮರ್ ಹಚ್ಚಿದೆ. ಗೇನ್ ಪೂರ್ತಿ ಏರಿಸಿದರೂ ಕಿವಿಗೆ ಏನೂ ಇಲ್ಲ. ಕಲ್ಲಿನ ಕೋಣೆಯಲ್ಲಿ ಫೋನಿನ ಗರಗರವೂ ಎದ್ದು ಕಾಣುವಷ್ಟು ಕಮ್ಮಿ ಆಗಿತ್ತು. ಇನ್ನೂ ಒಂದು ಬಿಡಿಭಾಗವನ್ನೂ ಸೇರಿಸಿರಲಿಲ್ಲ ಅನ್ನುವುದು ಗಮನಿಸಿ. ಬರೀ ಜಡೆ ಮತ್ತು ಎಮರಿ ಕಾಗದ.

ಫಿಲ್ಟರ್: ಕಾಲಿನ ಉದ್ದವೇ ಎಲ್ಲ

ಇಲ್ಲಿ ನಿಧಾನಕ್ಕೆ ಓದಿ. ಹೆಚ್ಚಿನವರು ಎಡವುವುದು ಇಲ್ಲೇ.

"ರೇಡಿಯೋ ಬರ್ತಿದೆಯಾ, ಒಂದು 104 ಹಾಕು" ಅಂತ ನಮ್ಮಲ್ಲಿ ಮಾತಿದೆ. 104 ಅಂದರೆ 100 ನ್ಯಾನೊಫ್ಯಾರಡ್ ಡಿಸ್ಕ್ ಕೆಪಾಸಿಟರ್. ಅದರ ಕಾಲು ಒಂದು ಸೆಂಟಿಮೀಟರ್ ಬಿಟ್ಟು ಬೆಸೆದರೆ ಇಂಡಕ್ಟೆನ್ಸ್ (ಕಾಯಿಲಿನ ಗುಣ) ಸುಮಾರು 10 ನ್ಯಾನೊಹೆನ್ರಿ. ಎರಡೂ ಸೇರಿ 5 ಮೆಗಾಹರ್ಟ್ಸ್‌ನಲ್ಲಿ ಅನುರಣಿಸುತ್ತವೆ. ಅದರಾಚೆಗೆ ಅದು ಕೆಪಾಸಿಟರ್ ಅಲ್ಲ, ಕಾಯಿಲ್. 900 ಮೆಗಾಹರ್ಟ್ಸ್‌ನಲ್ಲಿ 56 ಓಮ್ ತಡೆ! ಗ್ರೌಂಡಿಗೆ ದಾರಿ ತೋರಿಸಬೇಕಾದದ್ದು ದಾರಿ ಮುಚ್ಚಿ ಕೂರುತ್ತದೆ. ಕೆಪಾಸಿಟೆನ್ಸ್ ಕಮ್ಮಿ ಮಾಡಿ 100 ಪಿಕೋಫ್ಯಾರಡ್ ಹಾಕಿದರೂ ಉದ್ದ ಕಾಲು ಇದ್ದರೆ ಕಥೆ ಅದೇ, 160 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಮುಗಿಯಿತು. ಅದೇ ಕಾಲಿಲ್ಲದ ಚಿಪ್ ಕೆಪಾಸಿಟರ್ ತಗೊಂಡರೆ ಇಂಡಕ್ಟೆನ್ಸ್ 1 ನ್ಯಾನೊಹೆನ್ರಿ ಆಸುಪಾಸು. 33 ಪಿಕೋಫ್ಯಾರಡ್ ಚಿಪ್ ಸರಿಯಾಗಿ 900 ಮೆಗಾಹರ್ಟ್ಸ್ ಹತ್ತಿರ ಅನುರಣಿಸಿ ಒಂದು ಓಮ್‌ಗಿಂತ ಕಮ್ಮಿ ತಡೆ ಕೊಡುತ್ತದೆ. ಮೊಬೈಲಿನೊಳಗಿನ ಮೈಕ್ ಸರ್ಕಿಟ್‌ಗಳಲ್ಲಿ 33 ಮತ್ತು 10 ಪಿಕೋಫ್ಯಾರಡ್ ಜೋಡಿ ಕಾಣುವುದು ಇದಕ್ಕೇ. ಒಂದು 900ಕ್ಕೆ, ಒಂದು 1800ಕ್ಕೆ.

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಗಳಲ್ಲಿ ಚಿಪ್ ಕೆಪಾಸಿಟರ್ ಕೇಳಿದರೆ "ಹೈದರಾಬಾದ್‌ಗೆ ಹೋಗ್ರಿ" ಅಂತಾರೆ. ಹೈದರಾಬಾದಿನ ಕೋಠಿ, ಗುಜರಾತಿ ಗಲ್ಲಿ ನಮ್ಮ ಕಡೆಯವರಿಗೆ ಹೊಸದಲ್ಲ. ಆ ಕಡೆ ಹೋಗುವವರ ಹತ್ತಿರ ತರಿಸಿದೆ. 0805 ಸೈಜು, ಎನ್‌ಪಿ0 ಜಾತಿ. ಎಕ್ಸ್7ಆರ್ ಬೇಡ, ವೋಲ್ಟೇಜ್ ಏರಿಳಿದಂತೆ ಆ ಜಾತಿಯ ಕೆಪಾಸಿಟೆನ್ಸ್ ಬದಲಾಗುತ್ತದೆ. ಹಳೇ ಮದರ್‌ಬೋರ್ಡಿನಿಂದ ಕಿತ್ತು ಹಾಕಬಹುದಲ್ಲಾ ಅಂದರೆ, ಅವುಗಳ ಮೇಲೆ ಎಷ್ಟು ಪಿಕೋಫ್ಯಾರಡ್ ಅಂತ ಬರೆದಿರಲ್ಲ. ಕೆಪಾಸಿಟೆನ್ಸ್ ಅಳೆಯುವ ಎಲ್‌ಸಿಆರ್ ಮೀಟರ್ ಇದ್ದರೆ ನೋಡಿ.

ಎರಡು ಕಡೆ ಫಿಲ್ಟರ್ ಹಾಕಿದೆ. ಮೊದಲನೆಯದು ಸಾಕೆಟ್‌ನ ಬೆನ್ನಿಗೆ. ತಾಮ್ರದ ಹಾಳೆಯ ಬೋರ್ಡನ್ನು ಎರಡು ಸೆಂಟಿಮೀಟರ್ ತುಂಡು ಮಾಡಿ, ಗರಗಸದ ಬ್ಲೇಡಿನಿಂದ ಗೀರಿ ದ್ವೀಪಗಳನ್ನು ಮಾಡಿಕೊಂಡೆ. ಸುತ್ತಲಿನ ತಾಮ್ರ ಸೀದಾ ಚಾಸಿಯ ಲಗ್‌ಗೆ. 2 ಮತ್ತು 3ನೇ ಪಿನ್ನಿಗೆ ಒಂದೊಂದು ಫೆರೈಟ್ ಬೀಡ್ (ರೇಡಿಯೋ ಅಲೆ ತಡೆಯುವ ಮಣಿ), 100 ಮೆಗಾಹರ್ಟ್ಸ್‌ನಲ್ಲಿ 600 ಓಮ್‌ನದು. ಬೀಡ್ ದಾಟಿದ ಕೂಡಲೇ ಒಂದೊಂದು 100 ಪಿಕೋಫ್ಯಾರಡ್ ಚಿಪ್ ಸುತ್ತಲಿನ ತಾಮ್ರಕ್ಕೆ. ಅಲ್ಲಿಂದ ಬೋರ್ಡಿಗೆ ಎರಡು ವೈರು, ಈಗ ಒತ್ತಾಗಿ ತಿರುಚಿ, ತಗಡಿಗೆ ಅಂಟಿಕೊಂಡಂತೆ.

ಎರಡನೆಯದು ಐಸಿಯ ಕಾಲಿನ ಬುಡದಲ್ಲಿ. ಈ ಮಿಕ್ಸರ್‌ನಲ್ಲಿ ಮೈಕಿನ ಎರಡು ವೈರುಗಳು ಮೊದಲ ಐಸಿಯ 3 ಮತ್ತು 5ನೇ ಕಾಲಿಗೆ ಹೋಗುತ್ತವೆ. ಆ ಎರಡೂ ಟ್ರ್ಯಾಕನ್ನು ಕಾಲಿನಿಂದ ಮೂರು ಮಿಲಿಮೀಟರ್ ದೂರದಲ್ಲಿ ಕತ್ತರಿಸಿ 47 ಓಮ್ ಚಿಪ್ ರೆಸಿಸ್ಟರ್ ಕೂರಿಸಿದೆ. ಕಾಲಿನ ಕಡೆ ಒಂದೊಂದು 33 ಪಿಕೋಫ್ಯಾರಡ್ ಗ್ರೌಂಡಿಗೆ, ಎರಡರ ನಡುವೆ 1 ನ್ಯಾನೊಫ್ಯಾರಡ್. ಈ ನಡುವಿನದು ಯಾಕೆ ಅಂದರೆ, ಎರಡು 33ಗಳು ಯಾವತ್ತೂ ತದ್ರೂಪ ಇರಲ್ಲ. ಎರಡೂ ವೈರಿಗೆ ಸಮನಾಗಿ ಬಂದ ಕಸ ಆ ವ್ಯತ್ಯಾಸದಿಂದಾಗಿ ಸಿಗ್ನಲ್ ಆಗಿಬಿಡುತ್ತದೆ. ನಡುವಿನ ಕೆಪಾಸಿಟರ್ ಕನಿಷ್ಠ ಹತ್ತು ಪಟ್ಟು ದೊಡ್ಡದಿದ್ದರೆ ಆ ವ್ಯತ್ಯಾಸ ಮುಚ್ಚಿಹೋಗುತ್ತದೆ. ಇಲ್ಲಿ ಮೂವತ್ತು ಪಟ್ಟು ಇದೆ.

ದನಿ ಮಂಕಾಗಲ್ವಾ ಅಂತ ಮಂಡಳಿಯ ತಬಲಾದವರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಮೈಕಿನ 150 ಓಮ್, ಎರಡು 47 ಓಮ್, ನಡುವೆ ಒಟ್ಟು 1 ನ್ಯಾನೊಫ್ಯಾರಡ್ ಚಿಲ್ಲರೆ ಅಂತ ಲೆಕ್ಕ ಹಾಕಿದರೆ 600 ಕಿಲೋಹರ್ಟ್ಸ್ ದಾಟಿದ ಮೇಲೆ ಇಳಿಯಲು ಶುರು. ಕಿವಿಯ ಮಿತಿ 20. ಇನ್ನು ರೆಸಿಸ್ಟರ್ ಹಾಕಿದರೆ ಹಿಸ್ (ಸುಯ್ ಅನ್ನುವ ಸದ್ದು) ಏರುತ್ತದೆ ಅನ್ನುವ ಭಯ. 94 ಓಮ್ ತರುವ ನಾಯ್ಸ್ 1.25 ನ್ಯಾನೊವೋಲ್ಟ್, ಅದೂ ರೂಟ್ ಹರ್ಟ್ಸ್ ಲೆಕ್ಕದಲ್ಲಿ. ಎರಡು 5532 ಇನ್‌ಪುಟ್‌ಗಳದೇ ಸೇರಿ 7 ಆಗುತ್ತದೆ. ವರ್ಗ ಮಾಡಿ ಕೂಡಿಸಿದರೆ ಇದರ ಪಾಲು ಲೆಕ್ಕಕ್ಕೇ ಬರಲ್ಲ.

ಇನ್ನು ಐಸಿ

ಮೊದಲ ಹಂತದ ಐಸಿಗಳಿಗೆ ಸಾಕೆಟ್ ಇದ್ದದ್ದು ಅನುಕೂಲವಾಯಿತು. ಫಿಲ್ಟರ್ ಹಾಕುವ ಮೊದಲೇ ಒಂದು ಚಾನೆಲ್‌ನಲ್ಲಿ 4558, 5532, ಟಿಎಲ್072 ಮೂರನ್ನೂ ಕೂರಿಸಿ ಕೇಳಿದ್ದೆ. 4558 ಮತ್ತು 5532 ನಡುವೆ ಗರಗರದಲ್ಲಿ ಹೇಳಿಕೊಳ್ಳುವ ಫರಕಿಲ್ಲ. ಟಿಎಲ್072ರಲ್ಲಿ ಗರಗರ ಸ್ಪಷ್ಟವಾಗಿ ಕಮ್ಮಿ.

ಇದು ಆಕಸ್ಮಿಕ ಅಲ್ಲ. ಮೊದಲಿನ ಎರಡರ ಇನ್‌ಪುಟ್‌ನಲ್ಲಿ ಬೈಪೋಲಾರ್ ಟ್ರಾನ್ಸಿಸ್ಟರ್. ಅದಕ್ಕೆ 26 ಮಿಲಿವೋಲ್ಟ್ ಅಂದರೇನೇ ದೊಡ್ಡ ವೋಲ್ಟೇಜ್, ಅಷ್ಟರಲ್ಲೇ ಅದರ ವಕ್ರತೆ ಎದ್ದು ಕಾಣುತ್ತದೆ. ಟಿಎಲ್072ರ ಇನ್‌ಪುಟ್‌ನಲ್ಲಿ ಜೆಫೆಟ್ ಅನ್ನುವ ಬೇರೆ ಜಾತಿಯ ಟ್ರಾನ್ಸಿಸ್ಟರ್. ಅದರ ಅಳತೆಗೋಲು ವೋಲ್ಟ್‌ಗಳಲ್ಲಿ. ಅದೇ ರೇಡಿಯೋ ಅಲೆಯನ್ನು ಅದು ತುಂಬಾ ಕಮ್ಮಿ ಡಿಸಿ ಮಾಡುತ್ತದೆ. ಹಾಗಾದರೆ ಎಲ್ಲ ಕಡೆ ಟಿಎಲ್072 ಹಾಕಿಬಿಡೋಣ ಅಂದರೆ ಅದರ ನಾಯ್ಸ್ 18 ನ್ಯಾನೊವೋಲ್ಟ್, 5532ರದು 5. ಮೈಕ್ ಹಂತದಲ್ಲಿ ಅದು ಹಾಕಿದರೆ ಗರಗರದ ಬದಲು ಸುಯ್ ಅನ್ನುವ ಹಿಸ್. ರೋಗ ಬಿಟ್ಟು ರೋಗ.

ಫಿಲ್ಟರ್ ಹಾಕಿದ ಮೇಲೆ ಮತ್ತೆ ಮೂರನ್ನೂ ಕೇಳಿದೆ. ಗರಗರ ಮೂರರಲ್ಲೂ ಹಿಸ್‌ನ ಕೆಳಗೆ ಮುಳುಗಿತ್ತು. ಸ್ಪೆಕ್ಟ್ರಮ್‌ನಲ್ಲಿ 217ರ ಹತ್ತಿರ ಕಡ್ಡಿ ಹುಡುಕಬೇಕಾಯಿತು. ಕೊನೆಗೆ ಮೊದಲ ಹಂತದಲ್ಲಿ 5532, ಟೋನ್ ಮತ್ತು ಮಿಕ್ಸಿಂಗ್ ಹಂತಗಳಲ್ಲಿ ಟಿಎಲ್072 ಅಂತ ಬಿಟ್ಟೆ. ಅಲ್ಲಿ ಸಿಗ್ನಲ್ ಆಗಲೇ ದೊಡ್ಡದಿರುತ್ತದೆ, ಹಿಸ್ ತೊಂದರೆ ಇಲ್ಲ.

ಪೇಟೆಯಲ್ಲಿ 5532 ಅಂತ ಸಿಗುವುದೆಲ್ಲ 5532 ಅಲ್ಲ. 4558ರ ಮೇಲೆ ಅಕ್ಷರ ಒರೆಸಿ ಹೊಸದಾಗಿ ಬರೆದವೂ ಇವೆ. ಸುಲಭದ ಪರೀಕ್ಷೆ: ±15 ವೋಲ್ಟ್ ಕೊಟ್ಟು, ಲೋಡ್ ಇಲ್ಲದೆ ಕರೆಂಟ್ ನೋಡಿ. ಅಸಲಿ 5532 ಸುಮಾರು 8 ಮಿಲಿಆಂಪ್ ತಗೊಳ್ಳುತ್ತದೆ. 3 ಆಸುಪಾಸು ತೋರಿಸಿದರೆ ಅದು ವೇಷ ಹಾಕಿದ 4558. ಈ ಮಿಕ್ಸರ್‌ಗೆ ಹಿಂದಿನ ಕಡೆ ಹೊಸದಾಗಿ ಹಾಕಿದ್ದ "5532" ಕೂಡ ಅದೇ ಆಗಿತ್ತು.

ರೇಡಿಯೋ ಅಲೆಗೆ ಬಗ್ಗದ ಆಪ್‌ಆಂಪ್ ಅಂತಲೇ ಮಾಡಿದ ಐಸಿಗಳು ಇವೆ. ಒಳಗೇ ಫಿಲ್ಟರ್ ಇರುತ್ತದೆ. ಎಲ್‌ಎಂವಿ831 ಅನ್ನುವುದಕ್ಕೆ 1800 ಮೆಗಾಹರ್ಟ್ಸ್‌ನಲ್ಲಿ 120 ಡೆಸಿಬೆಲ್ ಇಎಂಐಆರ್‌ಆರ್. ಕೇಳಿದರೆ ಬಾಯಲ್ಲಿ ನೀರೂರುತ್ತದೆ. ಆದರೆ ಅದು 5.5 ವೋಲ್ಟ್ ದಾಟಿ ಬದುಕಲ್ಲ, ನಮ್ಮ ±15 ವೋಲ್ಟ್ ಪೆಟ್ಟಿಗೆಗೆ ಆಗಲ್ಲ. ಸೆನ್ಸರ್, ಬ್ಯಾಟರಿ ಸಾಮಾನು ಮಾಡುವವರು ನೋಡಬಹುದು.

ಒಂದು ಮಾತು ಆಚೆಯದು. ಕಲಬುರಗಿ ಆಕಾಶವಾಣಿಯ ಮಧ್ಯಮ ತರಂಗ 1107 ಕಿಲೋಹರ್ಟ್ಸ್. ಅಂಥ ಸ್ಟೇಷನ್ ಆಂಪ್ಲಿಫೈಯರ್‌ನಲ್ಲಿ ತಾನಾಗೇ ಮಾತಾಡಿದರೆ ಮೂಲ ಕಾರಣ ಇದೇ ಡಯೋಡ್ ಬುದ್ಧಿ. ಆದರೆ ಈ ಫಿಲ್ಟರ್ ಅದಕ್ಕೆ ಹೆಚ್ಚೇನೂ ಮಾಡಲ್ಲ. 600 ಕಿಲೋಹರ್ಟ್ಸ್‌ನಲ್ಲಿ ಇಳಿಯಲು ಶುರುವಾದದ್ದು 1107ರಲ್ಲಿ ಎಷ್ಟು ತಾನೇ ಇಳಿದೀತು, 6 ಡೆಸಿಬೆಲ್. ಅದಕ್ಕೆ ಪಿನ್ 1 ಸರಿ ಮಾಡುವುದು, ನೆಟ್ಟಗಿನ ಬ್ಯಾಲೆನ್ಸ್ಡ್ ಕೇಬಲ್, ದೊಡ್ಡ ಫೆರೈಟ್‌ಗೆ ಕೇಬಲ್ ಹತ್ತಾರು ಸುತ್ತು ಸುತ್ತುವುದು, ಇವೇ ದಾರಿ. 900 ಮೆಗಾಹರ್ಟ್ಸ್‌ಗೆ ಮಾತ್ರ ಸುತ್ತು ಹೆಚ್ಚಿಸಬೇಡಿ. ಸುತ್ತುಗಳ ನಡುವಿನ ಕೆಪಾಸಿಟೆನ್ಸ್ ಅಲೆಯನ್ನು ದಾಟಿಸಿಬಿಡುತ್ತದೆ.

ಊರಿಗೆ ಹೋದ ಮೇಲೆ

ಪ್ಲಾಸ್ಟಿಕ್ ಕೆನ್ನೆಗಳ ಒಳಬದಿಗೆ ತಾಮ್ರದ ಟೇಪ್ ಹಚ್ಚಿ, ಅದನ್ನು ತಗಡಿಗೆ ಎರಡು ಕಡೆ ಬೆಸೆದು, ಮುಚ್ಚಳ ಹಾಕಿ ಕಳಿಸಿದೆ. ಮೈಕ್ ಕೇಬಲ್‌ಗಳನ್ನೂ ತರಿಸಿಕೊಂಡು ನೋಡಿದೆ. ಎರಡರಲ್ಲಿ ಶೀಲ್ಡನ್ನು ಉದ್ದಕ್ಕೆ ಜಡೆ ಹೆಣೆದು, ಒಂದು ಇಂಚು ಬಾಲ ಬಿಟ್ಟು ಬೆಸೆದಿದ್ದರು. ಆ ಬಾಲ ಕತ್ತರಿಸಿ ಗಿಡ್ಡ ಮಾಡಿದೆ. ಒಂದು ಇಂಚು ವೈರು ಅಂದರೆ 20 ನ್ಯಾನೊಹೆನ್ರಿ, 900ರಲ್ಲಿ ನೂರು ಓಮ್ ದಾಟುತ್ತದೆ. ಸಾಮಾನಿನ ಖರ್ಚು ಆರೂ ಚಾನೆಲ್ ಸೇರಿ ಒಂದು ಮೈಕ್ ಕೇಬಲ್‌ನ ಬೆಲೆಗಿಂತ ಕಮ್ಮಿ. ಕೂಲಿ ಬೇರೆ, ಬಣ್ಣ ಕೆರೆದ ಕೈಗೆ ಅದು ಸಲ್ಲಬೇಕು!

ಮಂಡಳಿಯವರು ಗುಡಿ ಮುಂದೆ ಪೂರ್ತಿ ಸೆಟ್ ಹಚ್ಚಿ ಫೋನ್ ಮಾಡಿದರು. ಜೇಬಿನಲ್ಲಿ ಫೋನ್ ಇಟ್ಟುಕೊಂಡೇ ಹಾಡಿದರೂ ಮಿಕ್ಸರ್ ಸುಮ್ಮನಿದೆಯಂತೆ. ಆದರೆ ಆಂಪ್ಲಿಫೈಯರ್ ಮೇಲೆ ಫೋನಿಟ್ಟರೆ ಸಣ್ಣಗೆ ಟಕ್ ಟಕ್ ಇನ್ನೂ ಇದೆ. ಮಿಕ್ಸರ್ ಕೇಬಲ್ ಕಿತ್ತರೂ ಬರುತ್ತದೆ ಅಂದರು. ಅಲ್ಲಿಗೆ ಅದು ಆಂಪ್ಲಿಫೈಯರಿನ ಸ್ವಂತದ್ದು. ಗುಡಿಯಿಂದ ಅಗಸಿ ತನಕ ಎಳೆದ ಸ್ಪೀಕರ್ ವೈರೇ ಅಲ್ಲಿ ಆಂಟೆನಾ ಇರಬೇಕು. ಅಲೆ ಔಟ್‌ಪುಟ್‌ನಿಂದ ಒಳಗೆ ಬಂದು, ಫೀಡ್‌ಬ್ಯಾಕ್ ರೆಸಿಸ್ಟರ್ ಹಿಡಿದು, ಇನ್‌ಪುಟ್ ಟ್ರಾನ್ಸಿಸ್ಟರ್‌ನ ಬೇಸ್ ಮುಟ್ಟುತ್ತದೆ. ಬಾಗಿಲು ಹಿಂದಿನದು, ಡಯೋಡ್ ಅದೇ. ಶ್ರಾವಣ ಮುಗಿದ ಮೇಲೆ ಆಂಪ್ಲಿಫೈಯರ್ ತರುತ್ತಾರೆ. ಅಷ್ಟರೊಳಗೆ ಸ್ಪೀಕರ್ ಟರ್ಮಿನಲ್‌ಗಳಿಗೆ ಹಾಕಲು ದಪ್ಪ ತಂತಿಯ ಬೀಡ್‌ಗಳು ಮತ್ತು ಚಾಸಿಗೆ ಸೇರಿಸಲು ಇನ್ನಷ್ಟು ಎನ್‌ಪಿ0 ಚಿಪ್‌ಗಳು ಕೋಠಿಯಿಂದ ಬರಬೇಕು.